ನಾಟಕ ಬರೆದ್ರೆ ಹೊಟ್ಟೆ ತುಂಬ್ತೈತೇನಪ್ಪಾ? ಕಾರ್ನಾಡರ ಬದುಕಿನಲ್ಲಿ ಉತ್ತರ ಹುಡುಕುತ್ತಾ...

ಕಳೆದ ಯುಗಾದಿಗೆ ಬಂಡ್ರಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಮನೆ ಮುಂದಿನ ಕಟ್ಟೆ ಮೇಲೆ ಕೂತಾಗ ಸೋದರಮಾವನಿಗೆ ವಿಷಯ ಹೇಳಿಯೇಬಿಟ್ಟೆ. ಬೆಂಗಳೂರಿನ ಕೆಲಸ ಬಿಡ್ತೀನಿ, ಇನ್ಮೇಲೆ ಪೂರ್ತಿ ಬರವಣಿಗೆ, ನಾಟಕ ಬರೀತೀನಿ, ಸಿನಿಮಾಕ್ಕೆ, ವೆಬ್ ಸೀರೀಸ್‌ಗೆ ಚಿತ್ರಕಥೆ ಬರೀತೀನಿ ಅಂತ. ರಾಜೀನಾಮೆ ಪತ್ರ ಟೈಪ್ ಮಾಡಿ ಒಂದು ತಿಂಗಳಾಗಿತ್ತು. ಮೊಬೈಲ್‌ನ ಡ್ರಾಫ್ಟ್‌ನಲ್ಲಿ ಸುಮ್ಮನೆ ಕೂತಿತ್ತು.

ಮಾವ ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಎಲೆ ಅಡಿಕೆ ಮಡಚ್ತಾ ಒಂದೇ ಮಾತು ಕೇಳಿದ್ರು. "ಬರಿಯಪ್ಪಾ, ನಾನ್ಯಾಕೆ ಬ್ಯಾಡ ಅನ್ಲಿ? ಆದ್ರೆ ನಾಟ್ಕ ಬರದ್ರೆ ಹೊಟ್ಟೆ ತುಂಬ್ತೈತೇನು?"

ಈ ಪ್ರಶ್ನೆ ಬೇರೆ ಯಾರಾದ್ರೂ ಕೇಳಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಆದ್ರೆ ಮಾವ ಬಯಲಾಟದವರು. ಹಾರ್ಮೋನಿಯಂ ಹೆಗಲಿಗೆ ಹಾಕ್ಕೊಂಡು ಸಂಡೂರು ಸುತ್ತಮುತ್ತಲಿನ ಹಳ್ಳಿಗಳಿಗೆ ಹೋಗಿ ನಾಟಕ ಕಲಿಸಿದವರು. ಅವರು ಕೇಳಿದ್ದು ಕುಹಕ ಅಲ್ಲ, ಲೆಕ್ಕ.

ಅವತ್ತು ರಾತ್ರಿ ಹೊಸಪೇಟೆಯಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸು ಹತ್ತಿದೆ. ನಿದ್ದೆ ಬರಲಿಲ್ಲ. ಬ್ಯಾಗಲ್ಲಿ ಗಿರೀಶ ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ' ಇತ್ತು. ಕನ್ನಡದಲ್ಲಿ ನಾಟಕಾನೂ ಬರೆದು, ಚಿತ್ರಕಥೆಯನ್ನೂ ಬರೆದು, ಎರಡರಲ್ಲೂ ದೇಶದ ದೊಡ್ಡ ಪ್ರಶಸ್ತಿ ತಗೊಂಡವರು ಯಾರು ಅಂದ್ರೆ ಮೊದಲು ನೆನಪಾಗೋದೇ ಅವರು. ಹಾಗಾದ್ರೆ ಅವರ ಹೊಟ್ಟೆ ಹೇಗೆ ತುಂಬ್ತು? ಮಾವನ ಪ್ರಶ್ನೆ ಇಟ್ಕೊಂಡು ಅವರ ಬದುಕನ್ನ ಇನ್ನೊಮ್ಮೆ ಓದಿದೆ. ಸಿಕ್ಕಿದ್ದನ್ನ ನಿಮ್ಮ ಜೊತೆ ಹಂಚ್ಕೋತೀನಿ. ನಿಮ್ಮ ಮೊಬೈಲ್‌ನಲ್ಲೂ ಅಂಥದೊಂದು ಡ್ರಾಫ್ಟ್ ಇರಬಹುದು.

ಇಂಗ್ಲಿಷ್ ಕವಿ ಆಗಲು ಹೊರಟಿದ್ದ ಹುಡುಗ

ಕಾರ್ನಾಡರು ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಮನೆಮಾತು ಕೊಂಕಣಿ. ತಂದೆ ಡಾಕ್ಟರು. ಬಾಲ್ಯ ಶಿರಸಿಯಲ್ಲಿ ಕಳೀತು. ಆಗಿನ್ನೂ ಶಿರಸಿಗೆ ನಾಟಕ ಕಂಪನಿಗಳು ಬರ್ತಿದ್ದವು, ಯಕ್ಷಗಾನ ನಡೀತಿತ್ತು. ಹುಡುಗ ಎರಡನ್ನೂ ಕಣ್ತುಂಬ ನೋಡಿದ. ಆಮೇಲೆ ಧಾರವಾಡ. ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಮಾಡಿದ್ದು ಸಾಹಿತ್ಯದಲ್ಲಲ್ಲ, ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಒಳ್ಳೆ ಅಂಕ ಬಂದ್ರೆ ವಿದೇಶಕ್ಕೆ ಹೋಗೋ ದಾರಿ ತೆರೆಯುತ್ತೆ ಅನ್ನೋದು ಲೆಕ್ಕ. ಇದನ್ನ ಓದಿದಾಗ ನಂಗೆ ನಗು ಬಂತು. ನಾವೆಲ್ಲ ಇಂಜಿನಿಯರಿಂಗ್ ಸೇರಿದ್ದೂ ಇಂಥದೇ ಲೆಕ್ಕದಲ್ಲಿ ತಾನೆ?

ಹುಡುಗನಿಗೆ ಚಿತ್ರ ಬರೆಯೋ ಹುಚ್ಚಿತ್ತು. ಪ್ರಸಿದ್ಧ ಲೇಖಕರ ಮುಖ ಬಿಡಿಸಿ, ಅವರಿಗೇ ಅಂಚೆಯಲ್ಲಿ ಕಳಿಸಿ ಹಸ್ತಾಕ್ಷರ ಕೇಳೋದು ಹವ್ಯಾಸ. ಐರ್ಲೆಂಡಿನ ನಾಟಕಕಾರ ಷಾನ್ ಒಕೇಸಿ ಇದಕ್ಕೆ ಉತ್ತರ ಬರೆದು ಬುದ್ಧಿ ಹೇಳಿದ್ರು. ಬೇರೆಯವರ ಹಸ್ತಾಕ್ಷರ ಕೂಡಿಹಾಕ್ತಾ ಸಮಯ ಕಳೆಯೋ ಬದಲು, ನಿನ್ನ ಹಸ್ತಾಕ್ಷರ ಜನ ಕೇಳೋ ಹಾಗೆ ಏನಾದ್ರೂ ಮಾಡು ಅನ್ನೋದು ಅದರ ತಾತ್ಪರ್ಯ.

ಆದ್ರೆ ಮಾಡಬೇಕು ಅಂದ್ಕೊಂಡಿದ್ದು ಬೇರೆ. ಇಂಗ್ಲೆಂಡಿಗೆ ಹೋಗಬೇಕು, ಇಂಗ್ಲಿಷಿನಲ್ಲಿ ಕವಿತೆ ಬರೆದು ದೊಡ್ಡ ಕವಿ ಆಗಬೇಕು ಅನ್ನೋದು ಕನಸು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ, 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡೋ ತಯಾರಿ ನಡೀತು. ಮನೆಯಲ್ಲಿ ಒಳಗೊಳಗೇ ಆತಂಕ: ಹುಡುಗ ವಾಪಸ್ ಬರ್ತಾನಾ? ಅಲ್ಲೇ ಉಳಿದುಬಿಟ್ರೆ?

ಆ ಗಡಿಬಿಡಿಯಲ್ಲೇ ಅವರ ಕೈಯಿಂದ ಒಂದು ನಾಟಕ ಹೊರಬಂತು. ಅದೇ 'ಯಯಾತಿ'. ಅಪ್ಪ ತನ್ನ ಮುಪ್ಪನ್ನ ಮಗನಿಗೆ ಕೊಟ್ಟು ಮಗನ ಯೌವನ ಕೇಳೋ ಮಹಾಭಾರತದ ಕಥೆ. ಹಿರಿಯರ ಆಸೆಗಳ ಭಾರ ಹೊತ್ತ 22ರ ಹುಡುಗನಿಗೆ ಆ ಕಥೆ ಯಾಕೆ ಕಾಡ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಸ್ವತಃ ಅವರಿಗೇ ಅಚ್ಚರಿ ಆಗಿದ್ದು ಮೂರು ವಿಷಯಕ್ಕೆ. ಬಂದದ್ದು ಕವಿತೆ ಅಲ್ಲ, ನಾಟಕ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಹೊಸ ಕಥೆ ಅಲ್ಲ, ಪುರಾಣ.

1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನ ಪ್ರಕಟಿಸ್ತು. ಆಗ ಲೇಖಕ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದ್ತಿದ್ರು. ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರೂ ಆದ್ರು. ಇಷ್ಟೆಲ್ಲ ಆದ್ಮೇಲೆ ಅಲ್ಲೇ ಉಳೀಬಹುದಿತ್ತು. 1963ರಲ್ಲಿ ವಾಪಸ್ ಬಂದ್ರು.

ಏಳು ವರ್ಷದ ನೌಕರಿ

ಇಲ್ಲಿಂದ ಮುಂದಿನದ್ದು ನಮಗೆ ಮುಖ್ಯ. ಮೊದಲ ನಾಟಕಕ್ಕೇ ಹೆಸರು ಬಂದಿತ್ತು. ಹಾಗಂತ ಬರವಣಿಗೆಯನ್ನೇ ನಂಬಿ ಕೂರಲಿಲ್ಲ. ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಕೆಲಸಕ್ಕೆ ಸೇರಿದ್ರು. 1963ರಿಂದ 1970ರವರೆಗೆ, ಏಳು ವರ್ಷ, ತಿಂಗಳ ಸಂಬಳದ ಕೆಲಸ. ಬಿಡುವಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ಅನ್ನೋ ಹವ್ಯಾಸಿ ತಂಡದ ಜೊತೆ ನಾಟಕ.

'ತುಘಲಕ್' ಬಂದದ್ದು ಈ ನೌಕರಿ ಕಾಲದಲ್ಲೇ, 1964ರಲ್ಲಿ. ಆಗ ಅವರ ವಯಸ್ಸು 26. ದೊಡ್ಡ ಆದರ್ಶ ಇಟ್ಕೊಂಡು ಆಳೋಕೆ ಹೊರಟ ಸುಲ್ತಾನ ಕೊನೆಗೆ ರಕ್ತದಲ್ಲಿ ಮುಳುಗೋ ಕಥೆ. ನೆಹರೂ ಕಾಲದ ಕನಸುಗಳು ಮಂಕಾಗ್ತಿದ್ದ ದಿನಗಳು ಅವು, ಓದಿದವರಿಗೆ ಹದಿನಾಲ್ಕನೇ ಶತಮಾನದ ದೆಹಲಿಯಲ್ಲಿ ತಮ್ಮದೇ ಕಾಲ ಕಾಣ್ತು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನ ದೆಹಲಿಯ ಪುರಾನಾ ಕಿಲಾದ ಬಯಲಿನಲ್ಲೇ ಆಡಿಸಿದ್ರು. ಕನ್ನಡ ನಾಟಕವೊಂದು ಇಡೀ ದೇಶದ ನಾಟಕ ಆಯ್ತು.

ಅಂದ್ರೆ ಇವತ್ತಿಗೂ ಕಾಲೇಜುಗಳಲ್ಲಿ ಪಠ್ಯ ಆಗಿರೋ 'ತುಘಲಕ್' ಪೂರ್ಣಾವಧಿ ಬರಹಗಾರನ ಕೃತಿ ಅಲ್ಲ. ಬೆಳಿಗ್ಗೆ ಆಫೀಸಿಗೆ ಹೋಗ್ತಿದ್ದ ಒಬ್ಬ ನೌಕರನದು. ಬಸ್ಸಿನಲ್ಲಿ ಇದನ್ನ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕಿಟಕಿ ನೋಡ್ದೆ. ಕೆಲಸ ಇರೋದ್ರಿಂದ ಬರೆಯೋಕೆ ಆಗ್ತಿಲ್ಲ ಅಂತ ಎರಡು ವರ್ಷದಿಂದ ಎಲ್ಲರಿಗೂ ಹೇಳ್ತಾ ಬಂದಿದ್ದೆ.

ಅವರು ನೌಕರಿ ಬಿಟ್ಟಿದ್ದು 1970ರಲ್ಲಿ. ಅದೂ ಬರಿಗೈಲಲ್ಲ. ಹೋಮಿ ಭಾಭಾ ಫೆಲೋಶಿಪ್ ಕೈಗೆ ಬಂದಿತ್ತು. ಆ ಫೆಲೋಶಿಪ್ ಕಾಲದಲ್ಲೇ, 1971ರಲ್ಲಿ, 'ಹಯವದನ' ಬಂತು.

ಮಾವನಿಗೆ ಗೊತ್ತಿದ್ದ ಗುಟ್ಟು

ಮರುದಿನ ಫೋನ್‌ನಲ್ಲಿ ಮಾವನಿಗೆ 'ತುಘಲಕ್' ಕಥೆ ಹೇಳಿದೆ. ಅದರಲ್ಲಿ ಅಜೀಜ್, ಆಜಮ್ ಅಂತ ಇಬ್ಬರು ಕಳ್ಳರು ಬರ್ತಾರೆ. ಒಬ್ಬ ಅಗಸ, ಇನ್ನೊಬ್ಬ ಜೇಬುಗಳ್ಳ. ಸುಲ್ತಾನನ ದರ್ಬಾರಿನ ದೃಶ್ಯ ಒಂದಾದ್ರೆ, ನಡುವೆ ಈ ಇಬ್ಬರ ಕಿತಾಪತಿ.

"ಅಲ್ಲಪ್ಪಾ, ಇದು ಕಂಪನಿ ನಾಟ್ಕದ ಲೆಕ್ಕ!" ಅಂದ್ರು ಮಾವ ತಕ್ಷಣ. "ಹಿಂದೆ ಅರಮನಿ ಸೀನು ಕಟ್ಟೋತನಕ ಜನಾನ ಹಿಡ್ಕಬೇಕಲ್ಲ, ಮುಂದ್ಲು ಪರದೆ ಬಿಟ್ಟು ಹಾಸ್ಯಗಾರ್ರನ್ನ ಬಿಡ್ತಿದ್ರು."

ಮಾವ ಹೇಳಿದ್ದು ಅಕ್ಷರಶಃ ನಿಜ. ಶಿರಸಿಯಲ್ಲಿ ನೋಡಿದ ಕಂಪನಿ ನಾಟಕದ ಈ ಏರ್ಪಾಡನ್ನೇ 'ತುಘಲಕ್'ಗೆ ಬಳಸಿಕೊಂಡೆ ಅಂತ ಕಾರ್ನಾಡರೂ ಬರೆದಿದ್ದಾರೆ. ಆದ್ರೆ ಒಂದು ತಿರುವು ಕೊಟ್ರು. ಮುಂದಿನ ಪರದೆಯ ಹಾಸ್ಯಗಾರ ಅಲ್ಲೇ ಉಳಿಯಲ್ಲ. ವೇಷ ಬದಲಿಸ್ತಾ ಬದಲಿಸ್ತಾ ಕೊನೆಗೆ ಅರಮನೆ ಒಳಗೇ ನುಗ್ಗಿ ಸುಲ್ತಾನನ ಎದುರು ನಿಲ್ತಾನೆ. ರಾಜ ಮತ್ತು ಕಳ್ಳ ಒಬ್ಬರಿಗೊಬ್ಬರು ಕನ್ನಡಿ ಹಿಡಿದ ಹಾಗೆ ಕಾಣ್ತಾರೆ.

'ಹಯವದನ'ದಲ್ಲೂ ಅಷ್ಟೇ. ಗಣಪತಿ ಪೂಜೆಯಿಂದ ಶುರು, ಕಥೆ ನಡೆಸೋಕೆ ಭಾಗವತ, ಅರ್ಧ ಪರದೆ. ಕಥಾಸರಿತ್ಸಾಗರದ ಕಥೆ, ಜರ್ಮನ್ ಲೇಖಕ ಥಾಮಸ್ ಮನ್ ಅದಕ್ಕೆ ಕೊಟ್ಟ ತಿರುವು, ಎರಡನ್ನೂ ತಗೊಂಡು ನಮ್ಮೂರ ಆಟದ ಅಚ್ಚಿಗೆ ಹಾಕಿದ್ರು. ನಮ್ಮ ಕಡೆ ದೊಡ್ಡಾಟದಲ್ಲಿ ಸಾರಥಿ ಬಂದು ಪಾತ್ರಗಳನ್ನ ಮಾತಾಡಿಸೋದು ನೋಡಿದವರಿಗೆ ಈ ಭಾಗವತ ಹೊಸಬ ಅನ್ನಿಸಲ್ಲ. ಆಕ್ಸ್‌ಫರ್ಡ್ ಓದಿದವರು ಬಾಲ್ಯದಲ್ಲಿ ನೋಡಿದ ಆಟದ ಕಡೆಗೇ ತಿರುಗಿದ್ರು.

ಸಿನಿಮಾ ಕೊಟ್ಟ ಅನ್ನ

ಚಿತ್ರಕಥೆಗಾರ ಕಾರ್ನಾಡ್ ಹುಟ್ಟಿದ್ದು 'ಸಂಸ್ಕಾರ'ದಿಂದ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, 1970. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರಾನೂ ಮಾಡಿದ್ರು. ಕಾದಂಬರಿಯ ಬಹುಪಾಲು ನಡೆಯೋದು ಆಚಾರ್ಯನ ತಲೆಯೊಳಗೆ. ಕ್ಯಾಮೆರಾಕ್ಕೆ ತಲೆಯೊಳಗೆ ಹೋಗೋಕೆ ಬರಲ್ಲ. ಕೊಳೀತಿರೋ ಹೆಣ, ಹಸಿದ ಅಗ್ರಹಾರ, ಒಂಟಿ ದಾರಿ, ಇವುಗಳಲ್ಲೇ ಆ ತಳಮಳ ತೋರಿಸಬೇಕು. ಸೆನ್ಸಾರ್ ಮೊದಲು ಚಿತ್ರವನ್ನ ತಡೆಹಿಡೀತು. ಬಿಡುಗಡೆ ಆದಮೇಲೆ ಅತ್ಯುತ್ತಮ ಚಿತ್ರಕ್ಕೆ ಕೊಡೋ ರಾಷ್ಟ್ರಪತಿ ಸ್ವರ್ಣಕಮಲ ಬಂತು, ಕನ್ನಡಕ್ಕೆ ಅದೇ ಮೊದಲು.

ಆಮೇಲೆ ಸಾಲಾಗಿ ಬಂದವು. ಬಿ.ವಿ. ಕಾರಂತರ ಜೊತೆ ನಿರ್ದೇಶಿಸಿದ 'ವಂಶವೃಕ್ಷ', ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯ 'ಕಾಡು' (1973), ಶಂಕರ್ ನಾಗ್ ಮೊದಲ ಸಲ ಪರದೆ ಮೇಲೆ ಬಂದ 'ಒಂದಾನೊಂದು ಕಾಲದಲ್ಲಿ' (1978). ಶ್ಯಾಮ್ ಬೆನೆಗಲ್ ಅವರ 'ಭೂಮಿಕಾ'ಕ್ಕೆ (1977) ಬೆನೆಗಲ್ ಮತ್ತು ಸತ್ಯದೇವ್ ದುಬೆ ಜೊತೆ ಸೇರಿ ಬರೆದ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಸಿಕ್ತು. ಎಲ್ಲವೂ ಗೆದ್ದವು ಅಂತಲ್ಲ. ಶಶಿ ಕಪೂರ್ ನಿರ್ಮಿಸಿ ಕಾರ್ನಾಡರು ನಿರ್ದೇಶಿಸಿದ 'ಉತ್ಸವ್' (1984) ದುಡ್ಡಿನ ಲೆಕ್ಕದಲ್ಲಿ ಸೋತಿತು.

ನಟನೆಯಂತೂ ಕೊನೆತನಕ ನಡೀತು. 'ಮಾಲ್ಗುಡಿ ಡೇಸ್'ನ ಸ್ವಾಮಿಯ ಅಪ್ಪ, ದೂರದರ್ಶನದ ವಿಜ್ಞಾನ ಕಾರ್ಯಕ್ರಮ 'ಟರ್ನಿಂಗ್ ಪಾಯಿಂಟ್', ತಮಿಳಿನ 'ಕಾದಲನ್'ನಲ್ಲಿ ಖಳ, ಸಲ್ಮಾನ್ ಖಾನ್ ಜೊತೆ 'ಏಕ್ ಥಾ ಟೈಗರ್'. ಜ್ಞಾನಪೀಠ ಬಂದವರು ಇಂಥ ಸಿನಿಮಾ ಮಾಡಬೇಕಾ ಅಂತ ಮೂಗು ಮುರಿದವರಿದ್ದಾರೆ. ಕಾರ್ನಾಡರು ಇದನ್ನ ಮುಚ್ಚಿಡಲಿಲ್ಲ. ಸಿನಿಮಾ ಹೊಟ್ಟೆಪಾಡು, ಅದರಿಂದ ಬಂದ ದುಡ್ಡಿನಿಂದಲೇ ನಾಟಕ ಬರೆಯೋ ಬಿಡುವು ಸಿಗೋದು ಅನ್ನೋ ಅರ್ಥದ ಮಾತು ಹಲವು ಸಂದರ್ಶನಗಳಲ್ಲಿ ಆಡಿದ್ರು.

ಮಾವನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಾರ್ನಾಡರಿಗೂ ನಾಟಕದಿಂದ ಹೊಟ್ಟೆ ತುಂಬಲಿಲ್ಲ! ಸಂಬಳ, ಫೆಲೋಶಿಪ್, ಸಿನಿಮಾ, ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕ ಹುದ್ದೆ (1974-75), ಲಂಡನ್ನಿನ ನೆಹರೂ ಸೆಂಟರ್‌ನ ನಿರ್ದೇಶಕ ಹುದ್ದೆ (2000-2003), ಒಂದಲ್ಲ ಒಂದು ಇದ್ದೇ ಇತ್ತು. ಆದ್ರೆ ಇವು ಯಾವುವೂ ನಾಟಕದ ಜಾಗ ಕಸಿಯೋಕೆ ಅವರು ಬಿಡಲಿಲ್ಲ. ನಾಟಕ ಬರೆದಾಗ ಮಾರುಕಟ್ಟೆಗೆ ತಲೆಬಾಗಲೂ ಇಲ್ಲ, ಅವಸರಾನೂ ಮಾಡಲಿಲ್ಲ. 1961ರಿಂದ 2018ರವರೆಗೆ, 57 ವರ್ಷಕ್ಕೆ, ಹದಿನಾಲ್ಕು ಹದಿನೈದು ನಾಟಕ. ಸರಾಸರಿ ಹಾಕಿದ್ರೆ ಸುಮಾರು ನಾಲ್ಕು ವರ್ಷಕ್ಕೊಂದು.

ಇಂಗ್ಲೆಂಡಿನಲ್ಲೂ ಇದೇ ಕಥೆ

ಇದು ಬಡ ಕನ್ನಡದ ಪಾಡು ಮಾತ್ರ ಅಂದ್ಕೋಬೇಡಿ. ಬ್ರಿಟನ್ನಿನ ರಾಬರ್ಟ್ ಬೋಲ್ಟ್ ಅವರನ್ನ ನೋಡಿ. 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ನಾಟಕ ಬರೆದವರು, 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರಕ್ಕೆ ಬರೆದವರು. ಹೆಸರು ಬರೋ ಮುಂಚೆ ವರ್ಷಗಟ್ಟಲೆ ಶಾಲಾ ಮೇಷ್ಟ್ರು. 2005ರಲ್ಲಿ ನೊಬೆಲ್ ಪಡೆದ ಹೆರಾಲ್ಡ್ ಪಿಂಟರ್ ಶುರುವಿನಲ್ಲಿ ಡೇವಿಡ್ ಬ್ಯಾರನ್ ಅನ್ನೋ ಬೇರೆ ಹೆಸರಿಟ್ಕೊಂಡು ಊರೂರು ಸುತ್ತೋ ಕಂಪನಿಗಳಲ್ಲಿ ನಟಿಸಿ ಬದುಕಿದವರು. ಆಮೇಲೆ ನಾಟಕದ ಜೊತೆಜೊತೆಗೇ 'ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್' ಥರದ ಚಿತ್ರಕಥೆಗಳನ್ನ ಬರೆದ್ರು.

ಕಾರ್ನಾಡರನ್ನ ಹೊರದೇಶಗಳೂ ಹುಡುಕ್ಕೊಂಡು ಬಂದವು. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ 'ನಾಗಮಂಡಲ'ವನ್ನ ಅಮೆರಿಕದ ಗತ್ರಿ ಥಿಯೇಟರ್ 1993ರಲ್ಲಿ ಆಡ್ತು, ಮುಂದಿನ ನಾಟಕ ಬರೆದುಕೊಡಿ ಅಂತಾನೂ ಕೇಳ್ತು. ಅದೇ 'ಅಗ್ನಿ ಮತ್ತು ಮಳೆ' ಆಯ್ತು. ಭಾರತ ಸ್ವತಂತ್ರವಾಗಿ 50 ವರ್ಷ ಆದ ಹೊತ್ತಿಗೆ ಬಿಬಿಸಿ ಒಂದು ರೇಡಿಯೋ ನಾಟಕ ಕೇಳ್ತು. ಬ್ರಿಟಿಷರ ರೇಡಿಯೋಗೆ ಅವರು ಬರೆದುಕೊಟ್ಟಿದ್ದು ಟಿಪ್ಪು ಸುಲ್ತಾನನ ಕನಸುಗಳ ಬಗ್ಗೆ!

ಇಂಗ್ಲಿಷಿನಲ್ಲಿ ಬರೆದು ಹೆಸರಾದ ಕನ್ನಡ ಲೇಖಕಿಯನ್ನ ಅವಳದೇ ಟಿವಿ ಬಿಂಬ ಪಾಟೀಸವಾಲು ಮಾಡೋ 'ಒಡಕಲು ಬಿಂಬ' ನೋಡಿದ್ದೀರಾ? ನೋಡಿಲ್ಲದಿದ್ರೆ ಓದಿ. ಇಂಗ್ಲಿಷ್ ಕವಿ ಆಗಬೇಕಿದ್ದ ಹುಡುಗ ಅರವತ್ತು ದಾಟಿದ ಮೇಲೆ ತನ್ನನ್ನೇ ಕೂರಿಸಿಕೊಂಡು ಕೇಳಿದ ಪ್ರಶ್ನೆ ಅದು ಅಂತ ನಂಗನ್ನಿಸುತ್ತೆ.

ಕೊನೆಯ ನಾಟಕ ನಮ್ಮೂರದ್ದು

ಈಗ ನಮ್ಮ ಕಡೆಗೆ ಬರೋಣ. ಸಂಡೂರು, ಹೊಸಪೇಟೆ, ಕಂಪ್ಲಿ ಸುತ್ತ ಬೆಳೆದವರಿಗೆ ಹಂಪಿ ಅಂದ್ರೆ ಶಾಲೆ ಪ್ರವಾಸ, ನೆಂಟರು ಬಂದಾಗ ತೋರಿಸೋ ಜಾಗ, ಈಗೀಗ ರೀಲ್ಸ್. 'ಹಾಳು ಹಂಪಿ' ಅಂತ ಹೇಳಿ ಹೇಳಿ, ಅದು ಹಾಳಾಗಿಯೇ ಹುಟ್ಟಿತೇನೋ ಅನ್ನೋ ಹಾಗೆ ನೋಡ್ತೀವಿ. ಹಾಳಾಗಿದ್ದು ಹೇಗೆ ಅಂದ್ರೆ ಒಂದು ಸಾಲಿನ ಉತ್ತರ: ತಾಳಿಕೋಟೆ ಯುದ್ಧ, 1565.

ಕಾರ್ನಾಡರು ತಮ್ಮ ಕೊನೆಯ ನಾಟಕದಲ್ಲಿ ಆ ಒಂದು ಸಾಲನ್ನ ಬಿಚ್ಚಿದ್ರು. 'ರಾಕ್ಷಸ ತಂಗಡಿ' 2018ರಲ್ಲಿ ಬಂತು. ಆಗ ಅವರಿಗೆ 80. ಉಸಿರಾಟದ ಕಾಯಿಲೆಗೆ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ ಓಡಾಡ್ತಿದ್ರು. ಪ್ರಕಟಿಸಿದ್ದು ಅದೇ ಧಾರವಾಡದ ಮನೋಹರ ಗ್ರಂಥಮಾಲೆ, 'ಯಯಾತಿ' ತಂದವರೇ.

ನಾಟಕದ ನಡುವೆ ಇರೋದು ಕೃಷ್ಣದೇವರಾಯನ ಅಳಿಯ ರಾಮರಾಯ. ಅಧಿಕಾರ ಎಲ್ಲ ಅವನ ಕೈಲಿ, ಸಿಂಹಾಸನದ ಮೇಲೆ ಮಾತ್ರ ಸದಾಶಿವರಾಯ. ಈ ರಾಮರಾಯ ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಬಿಜಾಪುರದ ಅಲಿ ಆದಿಲ್ ಶಾಹನನ್ನ ರಾಮರಾಯನ ಹೆಂಡತಿ ಮಗ ಅಂತ ಕರೆದಿದ್ದಳು ಅಂತ ಫೆರಿಷ್ತಾ ಬರೀತಾನೆ. ಒಂದು ಕಾಲಕ್ಕೆ ಮಗ ಅನ್ನಿಸಿಕೊಂಡವನೇ 1565ರ ಜನವರಿಯಲ್ಲಿ ಎದುರು ಪಾಳೆಯದಲ್ಲಿದ್ದ. ಕೃಷ್ಣಾ ದಂಡೆಯ ರಕ್ಕಸಗಿ, ತಂಗಡಗಿ ಹಳ್ಳಿಗಳ ಹತ್ತಿರ ನಡೆದ ಯುದ್ಧದಲ್ಲಿ ಇಳಿವಯಸ್ಸಿನ ರಾಮರಾಯನ ತಲೆ ಉರುಳ್ತು. ತಮ್ಮ ತಿರುಮಲ ಖಜಾನೆಯನ್ನ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆ ಕಡೆಗೆ ಹೊರಟುಹೋದ. ನಗರ ಕಾಯೋಕೆ ಯಾರೂ ಉಳಿಯಲಿಲ್ಲ.

ಹೀಗೆ ನೋಡಿದ್ರೆ ಅದು ಎರಡು ಧರ್ಮಗಳ ಜಗಳ ಅಂತಷ್ಟೇ ಹೇಳಿ ಮುಗಿಸೋ ಕಥೆ ಅಲ್ಲ. ನೆಂಟಸ್ತನ, ಅವಮಾನ, ಅಹಂಕಾರ, ಎಲ್ಲ ಕಲಸಿಹೋಗಿರೋ ಮನೆಜಗಳದ ಹಾಗಿದೆ. ಇದನ್ನ ಓದಿದ ಮೇಲೆ ಹಂಪಿಗೆ ಹೋದೆ. ಮಹಾನವಮಿ ದಿಬ್ಬದ ಮೇಲೆ ನಿಂತಾಗ ಮೊದಲ ಸಲ ಫೋಟೋ ತೆಗೆಯೋ ಮನಸ್ಸಾಗಲಿಲ್ಲ. ಇಲ್ಲಿದ್ದವರಿಗೆ ಸೋಲಿನ ಸುದ್ದಿ ಮುಟ್ಟಿದ ದಿನ ಹೇಗಿತ್ತು ಅನ್ನೋದೇ ತಲೇಲಿ ಓಡ್ತಿತ್ತು.

ಮಾಥೇರಾನ್‌ನಲ್ಲಿ ಹುಟ್ಟಿ, ಕೊಂಕಣಿ ಮಾತಾಡ್ತಾ, ಆಕ್ಸ್‌ಫರ್ಡಿನಲ್ಲಿ ಓದಿದವರಿಗೆ ನಮ್ಮ ಮನೆ ಹಿತ್ತಲಲ್ಲಿರೋ ಕಥೆ ಕಾಣ್ತು. ನಾನು ಬರೀತಿದ್ದ ವೆಬ್ ಸೀರೀಸ್ ಮಾತ್ರ ಮುಂಬೈಯ ಭೂಗತ ಲೋಕದ್ದು. ನಾನಿನ್ನೂ ಮುಂಬೈ ನೋಡೇ ಇಲ್ಲ.

2019ರ ಜೂನ್ 10ರಂದು ಕಾರ್ನಾಡರು ಬೆಂಗಳೂರಿನಲ್ಲಿ ತೀರಿಕೊಂಡ್ರು. ಸರ್ಕಾರಿ ಗೌರವ, ಧಾರ್ಮಿಕ ವಿಧಿ ಯಾವುದೂ ಬೇಡ ಅಂತ ಮೊದಲೇ ಹೇಳಿದ್ರು. ಹಾಗೇ ಆಯ್ತು.

ಡ್ರಾಫ್ಟ್ ಏನಾಯ್ತು?

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕಾರ್ನಾಡರಿಗೆ ಸಿಕ್ಕ ಅನುಕೂಲ ನಮಗೆಲ್ಲ ಸಿಗಲ್ಲ. ಓದಿದ ಮನೆತನ, ರೋಡ್ಸ್ ವಿದ್ಯಾರ್ಥಿವೇತನ, ಸುಲಲಿತ ಇಂಗ್ಲಿಷ್, ಬೆನೆಗಲ್ ಅಂಥ ಗೆಳೆಯರು. ಎತ್ತರದ ನಿಲುವು, ನಟಿಸೋಕೆ ಒಪ್ಪೋ ಮುಖ ಬೇರೆ. ಅವರ ದಾರಿ ನಕಲು ಮಾಡೋಕೆ ಬರಲ್ಲ. ಆದ್ರೆ ಲೆಕ್ಕದ ಪುಸ್ತಕ ಇಟ್ಟ ರೀತಿ ಕಲೀಬಹುದು. ಅನ್ನಕ್ಕೆ ಒಂದು ಕೆಲಸ, ನನ್ನದೇ ಅನ್ನೋ ಬರವಣಿಗೆಗೆ ಇನ್ನೊಂದು ಖಾತೆ. ಮೊದಲನೆಯದರ ಬಗ್ಗೆ ನಾಚಿಕೆ ಬೇಡ, ಎರಡನೆಯದರಲ್ಲಿ ರಾಜಿ ಬೇಡ.

ಇದನ್ನೆಲ್ಲ ದೊಡ್ಡ ಶೋಧ ಮಾಡಿದವನ ಹಾಗೆ ಮಾವನಿಗೆ ಹೇಳಿದೆ. ಮಾವ ನಕ್ರು. "ನಾನು ಏನು ಮಾಡ್ದೆ ಮತ್ತೆ? ಮಳೆಗಾಲ ಹೊಲ, ಬ್ಯಾಸಿಗಿ ನಾಟ್ಕ. ಹೊಲ ಮಾರಿ ಹಾರ್ಮೋನಿ ತಗಂಡಿದ್ರೆ ನಿಮ್ಮತ್ತೆ ಮನಿಯೊಳಗೆ ಬಿಟ್ಕಂತಿದ್ಲೇನು?"

ನಲವತ್ತು ವರ್ಷ ಕಣ್ಣೆದುರೇ ಇದ್ದ ಉತ್ತರ. ನಾನು ಕೇಳಿರಲಿಲ್ಲ, ಅಷ್ಟೇ.

ರಾಜೀನಾಮೆ ಪತ್ರ ಇನ್ನೂ ಡ್ರಾಫ್ಟ್‌ನಲ್ಲಿದೆ. ಅಳಿಸಿಲ್ಲ, ಕಳಿಸಿಲ್ಲ. ಒಂದು ನಾಟಕ ಪೂರ್ತಿ ಬರೆದು ಮುಗಿಸೋತನಕ ಅದನ್ನ ಮುಟ್ಟಬಾರದು ಅಂತ ಮಾತ್ರ ತೀರ್ಮಾನ ಮಾಡಿದ್ದೀನಿ. ದಿನಾ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಕೂತ್ಕೋತೀನಿ, ಆಮೇಲೆ ಆಫೀಸು. ಮುಂಬೈ ಕಥೆ ಪಕ್ಕಕ್ಕಿಟ್ಟೆ. ಈಗ ಬರೀತಿರೋದು ಅದಿರು ಲಾರಿಗಳು ಹಗಲೂ ರಾತ್ರಿ ಓಡಾಡ್ತಿದ್ದ ಕಾಲದ ಸಂಡೂರಿನ ಒಂದು ಮನೆಯ ಕಥೆ. ಕೆಂಪು ಧೂಳು ಕೂತ ತುಳಸಿಕಟ್ಟೆಯಿಂದ ಶುರುವಾಗುತ್ತೆ.

ಎರಡು ಅಂಕ ಆಗಿದೆ. ಮೊದಲನೆಯದನ್ನ ಮಾವನಿಗೆ ಫೋನ್‌ನಲ್ಲೇ ಓದಿ ಹೇಳಿದೆ. ಪೂರ್ತಿ ಕೇಳಿ, "ಹಾಸ್ಯ ಸಾಲದು" ಅಂದ್ರು. ತಿದ್ದುತಾ ಇದ್ದೀನಿ.